ನಡುವಯಸ್ಸಿನ ಆಯವ್ಯಯ



ನಮ್ಮ ಮಾತಿನಲ್ಲಿ 'ಚಾಳೀಸು' ಎಂಬ ಒಂದು ಪದವುಂಟು. ವಯಸ್ಸಾಗುತ್ತ ಬಂದಂತೆ ಹತ್ತಿರದ ಅಕ್ಷರಗಳು ಮಸುಕಾಗುವುದಕ್ಕೂ, ಅದಕ್ಕಾಗಿ ತೊಡುವ ಕನ್ನಡಕಕ್ಕೂ ಜನರು ಈ ಹೆಸರನ್ನೇ ಬಳಸುತ್ತಾರೆ. ಹಿಂದೂಸ್ತಾನಿಯಲ್ಲಿ ಚಾಲೀಸ್ ಎಂದರೆ ನಲವತ್ತು. ಕಣ್ಣಿನೊಳಗಿನ ಮಸೂರವು ಹುಟ್ಟಿದಂದಿನಿಂದಲೂ ತನ್ನ ಮೃದುತ್ವವನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುತ್ತ ಬಂದು, ನಲವತ್ತು ನಲವತ್ತೈದರ ಸುಮಾರಿಗೆ ಹತ್ತಿರದ ವಸ್ತುವಿಗೆ ತಕ್ಕಷ್ಟು ಉಬ್ಬಿಕೊಳ್ಳಲಾರದಂತೆ ಗಡುಸಾಗುತ್ತದೆ. ಆಗ ಮನುಷ್ಯನು ವೃತ್ತಪತ್ರಿಕೆಯನ್ನು ಒಂದು ಗೇಣು ದೂರಕ್ಕೆ ಸರಿಸುತ್ತಾನೆ, ಆಮೇಲೆ ಎರಡು ಗೇಣು. ಕೊನೆಗೆ ಕೈಯೇ ಸಾಲದಾದಾಗ ಕನ್ನಡಕದ ಅಂಗಡಿಗೆ ಹೋಗುತ್ತಾನೆ. ಇಷ್ಟು ನಿಶ್ಚಿತವಾಗಿ ಬರುವ ಈ ಅತಿಥಿಯನ್ನು ಯಾರೂ ಸಂಭ್ರಮದಿಂದ ಎದುರುಗೊಳ್ಳುವುದಿಲ್ಲ. ಬಾಲ್ಯಕ್ಕೆ ನಾಮಕರಣ ಅಕ್ಷರಾಭ್ಯಾಸಗಳುಂಟು, ಯೌವನಕ್ಕೆ ಮದುವೆಯುಂಟು, ಅರವತ್ತಕ್ಕೆ ಷಷ್ಟ್ಯಬ್ದಿಯುಂಟು. ಅರವತ್ತಕ್ಕೆ ಅರಳುಮರಳು ಎಂಬ ಗಾದೆಯೂ ಉಂಟು. ನಲವತ್ತೈದಕ್ಕೆ ಮಾತ್ರ ಜನಬಳಕೆಯಲ್ಲಿ ಹೂಮಾಲೆಯೂ ಇಲ್ಲ, ಪಾಯಸವೂ ಇಲ್ಲ.

ಮನಸ್ಸಿಗೂ ಇಂಥದೊಂದು ಚಾಳೀಸು ಬರುತ್ತದೆ. ಸಂಬಳ ಸರಿಯಾಗಿ ಬರುತ್ತಿದೆ, ಮಕ್ಕಳು ಓದುತ್ತಿದ್ದಾರೆ, ಮನೆಯ ಮೇಲಿನ ಸಾಲ ಮುಕ್ಕಾಲುಪಾಲು ತೀರಿದೆ. ಆದರೂ ಭಾನುವಾರದ ಮಧ್ಯಾಹ್ನ ಊಟವಾದ ಮೇಲೆ ಗೃಹಸ್ಥನು ಪಡಸಾಲೆಯಲ್ಲಿ ಕುಳಿತು, ಇದೆಲ್ಲ ಯಾತಕ್ಕಾಗಿ ನಡೆದಿದೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಇದನ್ನು ಬಾಯಿಬಿಟ್ಟು ಹೇಳಿದರೆ 'ನಿನಗೇನು ಕಡಮೆಯಾಗಿದೆ?' ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದುದರಿಂದ ಬಹುಮಂದಿ ಹೇಳುವುದಿಲ್ಲ. ಈ ಅತೃಪ್ತಿ ಏತಕ್ಕೆ ಹುಟ್ಟುತ್ತದೆ, ಅದನ್ನು ಹೇಗೆ ತಿಳಿಯಬೇಕು, ತಿಳಿದ ಮೇಲೆ ಏನು ಮಾಡಬಹುದು ಎಂಬುದನ್ನು ಈ ಹೊತ್ತು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಕಾರಣವನ್ನು ನೋಡೋಣ. ಕಳೆದ ಶತಮಾನದ ಅರುವತ್ತರ ದಶಕದಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯದ ಬರ್ನೀಸ್ ನ್ಯೂಗಾರ್ಟನ್ ಎಂಬ ವಿದುಷಿಯು ನಡುವಯಸ್ಸಿನ ಅನೇಕ ಸ್ತ್ರೀಪುರುಷರನ್ನು ಮಾತನಾಡಿಸಿ ಒಂದು ಸಂಗತಿಯನ್ನು ಕಂಡುಕೊಂಡರು. ಎಳೆಯ ವಯಸ್ಸಿನಲ್ಲಿ ನಾವು ಕಾಲವನ್ನು ಹುಟ್ಟಿದ ದಿನದಿಂದ ಎಣಿಸುತ್ತೇವೆ. ನಡುವಯಸ್ಸಿನಲ್ಲಿ ಎಲ್ಲಿಯೋ ಒಂದು ಕಡೆ ಆ ಎಣಿಕೆ ತಿರುಗಿ, ಇನ್ನು ಉಳಿದದ್ದೆಷ್ಟು ಎಂದು ಎಣಿಸತೊಡಗುತ್ತೇವೆ. ಈ ತಿರುವಿಗೆ ಪಂಚಾಂಗದಲ್ಲಿ ತಿಥಿಯಿಲ್ಲ. ಕೆಲವರಿಗೆ ತಂದೆಯ ಉತ್ತರಕ್ರಿಯೆ ಮುಗಿದ ದಿನ ಅದು ಬರುತ್ತದೆ. ಅಲ್ಲಿಯವರೆಗೆ ತನಗೂ ಮೃತ್ಯುವಿಗೂ ನಡುವೆ ಒಂದು ಹಿರಿಯ ತಲೆ ಅಡ್ಡ ನಿಂತಿತ್ತು. ಈಗ ತಾನೇ ಮುಂದಿನ ಸಾಲು. ಕೆಲವರಿಗೆ ಸಹಪಾಠಿಯೊಬ್ಬನ ಮರಣವಾರ್ತೆಯಿಂದ, ಮತ್ತೆ ಕೆಲವರಿಗೆ ಮಗನ ಅಂಗಿ ತನಗೆ ಸರಿಹೊಂದುವುದನ್ನು ಕಂಡಾಗ.

ಎಣಿಕೆ ತಿರುಗಿದರೆ ಆಸೆಗಳ ಕ್ರಮವೂ ತಿರುಗುತ್ತದೆ. ಇದನ್ನು ಅಮೆರಿಕದ ಲಾರಾ ಕಾರ್ಸ್ಟೆನ್ಸೆನ್ ಎಂಬ ಮನಶ್ಶಾಸ್ತ್ರಜ್ಞೆಯೂ ಅವರ ಸಹೋದ್ಯೋಗಿಗಳೂ ಸರಳವಾದ ಪ್ರಶ್ನೆಗಳಿಂದ ಪರೀಕ್ಷಿಸಿದರು. ನಿಮಗೆ ಅರ್ಧ ಗಂಟೆ ಬಿಡುವಿದೆ. ಅದನ್ನು ಹತ್ತಿರದ ನೆಂಟರೊಬ್ಬರೊಡನೆ ಕಳೆಯುವಿರೋ, ಈಗತಾನೆ ಓದಿ ಮೆಚ್ಚಿದ ಪುಸ್ತಕದ ಕರ್ತೃವಿನೊಡನೆಯೋ, ಹೊಸದಾಗಿ ಪರಿಚಯವಾದವರೊಡನೆಯೋ? ವೃದ್ಧರು ಬಹುಮಟ್ಟಿಗೆ ಹತ್ತಿರದವರನ್ನು ಆರಿಸಿಕೊಂಡರು. ತರುಣರಲ್ಲಿ ಅಂಥ ಒಲವು ಕಾಣಲಿಲ್ಲ. ಇದು ಮುಪ್ಪಿನ ಗುಣವೆಂದು ಯಾರಾದರೂ ಹೇಳಿಬಿಡಬಹುದಾಗಿತ್ತು. ಆದರೆ 'ನೀವು ಇನ್ನು ಕೆಲವೇ ವಾರಗಳಲ್ಲಿ ಒಬ್ಬರೇ ದೂರದೇಶಕ್ಕೆ ಹೊರಡಬೇಕಾಗಿದೆಯೆಂದು ಭಾವಿಸಿಕೊಳ್ಳಿರಿ' ಎಂದು ತರುಣರಿಗೆ ಹೇಳಿದೊಡನೆ ಅವರೂ ವೃದ್ಧರಂತೆಯೇ ಹತ್ತಿರದವರನ್ನು ಆರಿಸಿದರು! ವೃದ್ಧರಿಗೆ 'ಹೊಸ ವೈದ್ಯದಿಂದ ನಿಮಗೆ ಇನ್ನೂ ಇಪ್ಪತ್ತು ವರ್ಷ ಹೆಚ್ಚಾಗಿ ದೊರೆತಿದೆಯೆಂದು ಭಾವಿಸಿಕೊಳ್ಳಿರಿ' ಎಂದಾಗ ಅವರ ಆ ಒಲವು ಸಡಿಲವಾಯಿತು. ಎಂದ ಮೇಲೆ ಆಯ್ಕೆಯನ್ನು ಬದಲಾಯಿಸಿದ್ದು ದೇಹದ ಮುಪ್ಪಲ್ಲ, ಕಾಲದ ಅಳತೆ. ಕಾಲ ಅಪಾರವಾಗಿದೆಯೆಂದು ತೋರಿದಾಗ ಮನುಷ್ಯನು ಸಂಗ್ರಹಿಸುತ್ತಾನೆ. ಪರಿಚಯವನ್ನು, ವಿದ್ಯೆಯನ್ನು, ಹಣವನ್ನು, ಪದವಿಯನ್ನು ಮುಂದೆಂದೋ ಬೇಕಾದೀತೆಂದು ಕೂಡಿಡುತ್ತಾನೆ. ಕಾಲಕ್ಕೆ ಅಂಚು ಕಂಡಾಗ, ಕೂಡಿಟ್ಟದ್ದನ್ನು ಯಾವುದಕ್ಕೆ ಬಳಸಬೇಕು ಎಂದು ಕೇಳತೊಡಗುತ್ತಾನೆ. ನಡುವಯಸ್ಸು ಈ ಎರಡರ ಗಡಿ. ಭಾನುವಾರದ ಮಧ್ಯಾಹ್ನದ ಆ ಪ್ರಶ್ನೆಯು ರೋಗವಲ್ಲ. ಹಳೆಯ ಲೆಕ್ಕದ ಪುಸ್ತಕ ಇನ್ನು ಸಾಲದು ಎಂಬ ಸೂಚನೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿಬಿಡುವುದು ಮೇಲು. ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಹಿಂದೆ ಪ್ರಿಯವಾಗಿದ್ದ ಯಾವುದರಲ್ಲಿಯೂ ಮನಸ್ಸು ನಿಲ್ಲದೆ, ಬದುಕೇ ಬೇಡವೆನಿಸುತ್ತಿದ್ದರೆ ಅದು ತತ್ತ್ವವಿಚಾರದ ವಿಷಯವಲ್ಲ, ವೈದ್ಯರ ವಿಷಯ. ಅದಕ್ಕೆ ಚಿಕಿತ್ಸೆಯಿದೆ; ಅದನ್ನು ಪಡೆಯುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಇನ್ನು ಈ ವಯಸ್ಸಿನ ಬಗೆಗೆ ಪ್ರಚಾರದಲ್ಲಿರುವ ಒಂದು ಭ್ರಾಂತಿ. ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು ಮುನ್ನೂರಕ್ಕೂ ಹೆಚ್ಚು ಮಂದಿ ಕವಿ ಕಲಾವಿದರ ಜೀವನಗಳನ್ನು ಪರಿಶೀಲಿಸಿ ೧೯೬೫ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. 'ನಡುಬಾಳಿನ ಬಿಕ್ಕಟ್ಟು' ಎಂಬ ಮಾತು ಅಲ್ಲಿಂದಲೇ ಲೋಕಕ್ಕೆ ಹಬ್ಬಿತು. ಮೂಲಲೇಖನದಲ್ಲಿದ್ದ ಗಾಂಭೀರ್ಯವನ್ನು ಲೋಕವು ಬಿಟ್ಟು ಮಾತನ್ನು ಮಾತ್ರ ಹಿಡಿದುಕೊಂಡಿತು. ನಲವತ್ತೈದಾದವನು ಕೂದಲಿಗೆ ಬಣ್ಣ ಹಚ್ಚಿ, ಕೆಂಪು ಮೋಟಾರು ಕೊಂಡು, ಹೆಂಡತಿಯನ್ನು ಬಿಟ್ಟು ಓಡುವನೆಂಬ ಚಿತ್ರ ಸಿನಿಮಾಗಳಿಂದ ಮನೆಮಾತಾಯಿತು. ಅಮೆರಿಕದಲ್ಲಿ ೧೯೯೫ರಿಂದ ನಡೆದ ನಡುವಯಸ್ಸಿನ ಸಮೀಕ್ಷೆಯೊಂದರಲ್ಲಿ ತಮಗೆ ಅಂಥ ಬಿಕ್ಕಟ್ಟು ಬಂದಿತ್ತೆಂದು ಹೇಳಿದವರು ಸುಮಾರು ಕಾಲುಭಾಗ ಮಾತ್ರ. ಅವರಲ್ಲಿಯೂ ಅನೇಕರು ಹೇಳಿದ ಕಾರಣ ವಯಸ್ಸಲ್ಲ. ಕೆಲಸ ಹೋದದ್ದು, ಕಾಯಿಲೆ, ಆಪ್ತರ ಮರಣ, ಇಂಥವು.

ಸುಖದ ಅಳತೆಯ ವಿಷಯವಾಗಿಯೂ ಒಂದು ಮಾತು. ೨೦೦೮ರಲ್ಲಿ ಬ್ಲಾಂಚ್‌ಫ್ಲವರ್ ಮತ್ತು ಆಸ್ವಾಲ್ಡ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅನೇಕ ದೇಶಗಳ ಅಂಕಿಗಳನ್ನು ಕೂಡಿಸಿ, ಜನರ ತೃಪ್ತಿಯು ನಲವತ್ತರಿಂದ ಐವತ್ತರೊಳಗೆ ತೀರ ಕೆಳಗಿಳಿದು ಮತ್ತೆ ಏರುತ್ತದೆಂದು ತೋರಿಸಿದರು. ೨೦೧೨ರಲ್ಲಿ ೫೦೮ ಚಿಂಪಾಂಜಿ, ಒರಾಂಗುಟಾನ್‌ಗಳ ವಿಷಯವಾಗಿ ಅವುಗಳನ್ನು ಬಲ್ಲ ಪಾಲಕರನ್ನು ಕೇಳಿ ನೋಡಿದಾಗಲೂ ಅದೇ ತಗ್ಗು ಕಾಣಿಸಿತಂತೆ. ಚಿಂಪಾಂಜಿಗೆ ಬಡ್ತಿಯ ಚಿಂತೆಯಿಲ್ಲ, ಮಗಳ ಮದುವೆಯ ಚಿಂತೆಯಿಲ್ಲ; ಆದರೂ ಅದಕ್ಕೆ ನಡುವಯಸ್ಸು ತಪ್ಪಲಿಲ್ಲ! ಈ ಲೆಕ್ಕಗಳ ಮೇಲೆ ವಿದ್ವಾಂಸರಲ್ಲಿ ವಿವಾದವುಂಟು. ಇತ್ತೀಚೆಗೆ ಅನೇಕ ದೇಶಗಳಲ್ಲಿ ತರುಣರ ಅಸಂತೋಷವೇ ಹೆಚ್ಚಿ ಆ ರೇಖೆಯ ಆಕಾರ ಬದಲಾಗುತ್ತಿದೆಯೆಂದು ಬ್ಲಾಂಚ್‌ಫ್ಲವರ್ ಅವರೇ ಹೇಳಿದ್ದಾರೆ. ನಾನು ಇದಕ್ಕೆ ಹೆಚ್ಚಿನ ಭಾರವನ್ನು ಕೊಡುವುದಿಲ್ಲ. ನಡುವಯಸ್ಸಿನ ಮಂಕು ಒಬ್ಬನ ಸ್ವಂತ ಸೋಲಿನ ಗುರುತೇ ಆಗಬೇಕಾಗಿಲ್ಲ ಎಂಬಷ್ಟನ್ನು ಅದರಿಂದ ತೆಗೆದುಕೊಂಡರೆ ಸಾಕು.

ಕೆಂಪು ಮೋಟಾರಿನ ಕತೆ ಹೊಸದೂ ಅಲ್ಲ. ನಮ್ಮ ಪುರಾಣದ ಯಯಾತಿಯು ತನ್ನ ಮುಪ್ಪನ್ನು ಮಗ ಪೂರುವಿಗೆ ಕೊಟ್ಟು ಅವನ ಯೌವನವನ್ನು ತೆಗೆದುಕೊಂಡನು. ಹಾಗೆ ಪಡೆದ ಯೌವನವನ್ನು ಸಾವಿರ ವರ್ಷ ಅನುಭವಿಸಿದ ಮೇಲೆ, ಆಸೆಯು ಅನುಭವದಿಂದ ತಣಿಯುವುದಿಲ್ಲವೆಂದು ಕಂಡು ಅದನ್ನು ಹಿಂದಿರುಗಿಸಿದನು. ಕತೆಯನ್ನು ಕೇಳುವಾಗ ನಾವು ಯಯಾತಿಯ ವೈರಾಗ್ಯವನ್ನು ಮೆಚ್ಚುತ್ತೇವೆ; ಆ ಸಾವಿರ ವರ್ಷ ಮುಪ್ಪನ್ನು ಹೊತ್ತುಕೊಂಡಿದ್ದ ಹುಡುಗನನ್ನು ನೆನೆಯುವವರು ಕಡಮೆ. ಇಂದೂ ತಾನು ಸೇರಲಾಗದ ಕಾಲೇಜಿಗೆ ಮಗನನ್ನು ಸೇರಿಸಲು ಹಟ ಹಿಡಿಯುವ ತಂದೆ ಮಾಡುತ್ತಿರುವುದು ಬೇರೇನೂ ಅಲ್ಲ. ಹೋದ ವಯಸ್ಸನ್ನು ಹಿಂದಕ್ಕೆ ತರಿಸುವ ಪ್ರಯತ್ನದ ವೆಚ್ಚ ಅನೇಕವೇಳೆ ಮತ್ತೊಬ್ಬರ ಖಾತೆಗೆ ಬೀಳುತ್ತದೆ.

ಆದರೆ ನಮ್ಮ ವಿದ್ಯಾವಂತ ಪಟ್ಟಣವಾಸಿಗಳಲ್ಲಿ ಯಯಾತಿಯ ದೋಷಕ್ಕಿಂತಲೂ ಬಹಳ ವ್ಯಾಪಕವಾದ ಇನ್ನೊಂದು ದೋಷವುಂಟು. ಅದರ ಹೆಸರು 'ಆಮೇಲೆ'. ವೀಣೆ ಕಲಿಯುವುದು ಆಮೇಲೆ. ಕುಮಾರವ್ಯಾಸಭಾರತವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಓದುವುದು ಆಮೇಲೆ. ಊರಿನ ಮನೆಯ ಮಾಡು ರಿಪೇರಿ ಮಾಡಿಸಿ ಬೇಸಗೆಯಲ್ಲಿ ಒಂದು ತಿಂಗಳು ಅಲ್ಲಿರುವುದು ಆಮೇಲೆ. ಹೆಂಡತಿಯೊಡನೆ, ಗೃಹಕೃತ್ಯದ ವಿಷಯವಲ್ಲದ ಮಾತನ್ನು ಆಡುವುದೂ ಆಮೇಲೆ. ಈ 'ಆಮೇಲೆ'ಗೆ ಒಂದು ದಿನಾಂಕವೂ ಗೊತ್ತಾಗಿರುತ್ತದೆ. ಅದು ಪಿಂಚಣಿಯ ದಿನಾಂಕ. ಹಿಂದಿನ ಕಾಲದ ಸರ್ಕಾರಿ ನೌಕರಿಯಲ್ಲಿ ಸಾಮಾನ್ಯವಾಗಿ ೫೫ಕ್ಕೆ ನಿವೃತ್ತಿ. ಈಗ ಕರ್ನಾಟಕ ಸರ್ಕಾರದಲ್ಲಿ ೬೦. ಉದ್ಯೋಗಸ್ಥನು ತನ್ನ ಬಾಳಿನ ಸಾರವನ್ನೆಲ್ಲ ಆ ದಿನದ ಆಚೆಗೆ ಕಟ್ಟಿಟ್ಟು, ಈಚೆಗೆ ಬರಿಯ ಹಾಜರಿಯನ್ನು ಉಳಿಸಿಕೊಳ್ಳುತ್ತಾನೆ.

ಆಯುಸ್ಸು ಹೆಚ್ಚಿದೆಯೆಂಬುದು ನಿಜ. ೧೯೪೧ರಿಂದ ೧೯೫೦ರ ದಶಕದಲ್ಲಿ ಭಾರತದಲ್ಲಿ ಹುಟ್ಟಿದ ಮಗುವಿನ ನಿರೀಕ್ಷಿತ ಆಯುಸ್ಸು ಸುಮಾರು ೩೨ ವರ್ಷ; ಇಂದು ಅದು ಸುಮಾರು ೭೦. ಅಂದು ಎಲ್ಲರೂ ಮೂವತ್ತೆರಡಕ್ಕೇ ತೀರಿಹೋಗುತ್ತಿದ್ದರೆಂದು ಇದರ ಅರ್ಥವಲ್ಲ. ಶೈಶವದಲ್ಲಿಯೇ ಹೋಗುತ್ತಿದ್ದ ಮಕ್ಕಳ ಸಂಖ್ಯೆ ಆ ಸರಾಸರಿಯನ್ನು ಕೆಳಕ್ಕೆ ಎಳೆಯುತ್ತಿತ್ತು. ಹೇಗಾದರೂ, ನಲವತ್ತೈದಾದವನಿಗೆ ಇಂದು ಮುಂದಿರುವ ಕಾಲ ಅವನ ಅಜ್ಜನಿಗಿದ್ದುದಕ್ಕಿಂತ ದೀರ್ಘವೆಂದು ನಂಬಬಹುದು. ಆದರೆ ಅಂಕಿಅಂಶ ಒಂದು ಜನಸಮುದಾಯಕ್ಕೆ ಕೊಡುವ ಭರವಸೆಯನ್ನು ಒಬ್ಬ ಮನುಷ್ಯನಿಗೆ ಕೊಡುವುದಿಲ್ಲ. ಅದಕ್ಕಿಂತಲೂ ಮುಖ್ಯವಾದ ತೊಡಕೊಂದಿದೆ. ಇಪ್ಪತ್ತು ವರ್ಷ ಮುಟ್ಟದೆ ಇಟ್ಟ ಆಸಕ್ತಿಯು ಇಪ್ಪತ್ತು ವರ್ಷದ ನಂತರ ಹಾಗೆಯೇ ಸಿಕ್ಕುವುದಿಲ್ಲ. ಹಣವನ್ನು ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ. ಆಸಕ್ತಿ ಬಳಸದ ಬಾವಿಯಂತೆ. ನೀರು ಸೇದದೆ ಬಿಟ್ಟರೆ ಒರತೆ ಹೂತುಹೋಗುತ್ತದೆ.

ಇದಕ್ಕೆ ನಮ್ಮ ನಾಡಿನಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೮೯೧ರಲ್ಲಿ ಹುಟ್ಟಿ, ೧೯೧೪ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವೀಸನ್ನು ಸೇರಿದರು. ಅನೇಕ ಹೊಣೆಗಳನ್ನು ಹೊತ್ತು ಮೇಲೇರಿದರು. ತಮಗೆ ಸಲ್ಲಬೇಕೆಂದು ಭಾವಿಸಿದ್ದ ಉನ್ನತಪದವಿಯು ತಮಗಿಂತ ಕಿರಿಯರಿಗೆ ಹೋದಾಗ, ೧೯೪೩ರಲ್ಲಿ ಕೆಲಸಕ್ಕೆ ರಾಜೀನಾಮೆಯಿತ್ತರು. ಆಗ ಅವರಿಗೆ ಐವತ್ತೆರಡರ ಸುಮಾರು. ಮರುವರ್ಷ 'ಜೀವನ' ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು ಎರಡು ದಶಕ ನಡೆಸಿದರು. 'ಚಿಕವೀರ ರಾಜೇಂದ್ರ' ಕಾದಂಬರಿ ಹೊರಬಂದದ್ದು ೧೯೫೬ರಲ್ಲಿ, ಅವರ ಅರವತ್ತೈದನೆಯ ವಯಸ್ಸಿನಲ್ಲಿ. ೧೯೮೩ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಿತು. ೧೯೮೬ರಲ್ಲಿ ತಮ್ಮ ಹುಟ್ಟಿದ ದಿನದಂದೇ ಕಾಲವಾದರು. ಎಂದರೆ ರಾಜೀನಾಮೆಯ ಆಚೆಗೆ ನಲವತ್ತಮೂರು ವರ್ಷದ ಬಾಳಿತ್ತು.

ಈ ವೃತ್ತಾಂತವನ್ನು ಕೇಳಿದವರು ಬಹುಶಃ, 'ಕೆಲಸ ಬಿಟ್ಟರು, ಆದುದರಿಂದ ದೊಡ್ಡ ಸಾಹಿತಿಯಾದರು' ಎಂದುಕೊಳ್ಳುತ್ತಾರೆ. ಅದು ತಲೆಕೆಳಗಾದ ಲೆಕ್ಕ. 'ಕೆಲವು ಸಣ್ಣ ಕಥೆಗಳು' ಎಂಬ ಅವರ ಮೊದಲ ಕಥಾಸಂಗ್ರಹ ಬಂದದ್ದು ೧೯೨೦ರಲ್ಲಿ. ಅಂದಿಗೆ ಅವರು ಸೇವೆಗೆ ಸೇರಿ ಆರು ವರ್ಷ. ೧೯೨೯ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗಲೂ ಅವರು ಸರ್ಕಾರಿ ಅಧಿಕಾರಿಯೇ. ಹಗಲು ಕಡತ, ಬಿಡುವಿನಲ್ಲಿ ಕತೆ. ಹೀಗೆ ಇಪ್ಪತ್ತು ಮೂವತ್ತು ವರ್ಷ ಸೇದುತ್ತಲೇ ಇದ್ದ ಬಾವಿ ಅದು. ಮೇಲಿನ ಮೆಟ್ಟಿಲು ತಪ್ಪಿದ ದಿನ ಅವರಿಗೆ ನಿಲ್ಲಲು ಬೇರೊಂದು ನೆಲ ಸಿದ್ಧವಾಗಿದ್ದಿತು. ಆ ನೆಲವಿಲ್ಲದವನಿಗೆ ಅದೇ ಅಪಮಾನವು ಉಳಿದ ಆಯುಸ್ಸಿಗೆಲ್ಲ ಸಾಕಾಗುವ ಕಹಿಯಾಗಬಹುದಾಗಿತ್ತು. ಅಂಥವರನ್ನು ಉದ್ಯಾನದ ಬೆಂಚುಗಳ ಮೇಲೆ ನಾವೆಲ್ಲರೂ ಕಂಡಿದ್ದೇವೆ. ಹದಿನೈದು ವರ್ಷದ ಹಿಂದಿನ ಬಡ್ತಿಯ ಪಟ್ಟಿ ಅವರಿಗೆ ಬಾಯಿಪಾಠವಾಗಿರುತ್ತದೆ.

ವಿಶ್ವೇಶ್ವರಯ್ಯನವರ ಬಾಳಿನಲ್ಲಿಯೂ ಇಂಥದೊಂದು ತಿರುವುಂಟು. ೧೮೮೪ರಲ್ಲಿ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯನ್ನು ಸೇರಿದ ಅವರು ೧೯೦೮ರಲ್ಲಿ ತಾವಾಗಿಯೇ ನಿವೃತ್ತಿ ಪಡೆದರು. ಆ ಇಲಾಖೆಯ ಕಟ್ಟಕಡೆಯ ಪದವಿ ಭಾರತೀಯನಿಗೆ ದೊರೆಯುವ ಸಂಭವ ಅಂದು ತೀರ ಕಡಮೆಯಾಗಿದ್ದಿತು. ಅವರ ವಯಸ್ಸು ಆಗ ನಲವತ್ತೆಂಟರ ಆಸುಪಾಸು. ನಿವೃತ್ತರಾದವರು ಮನೆಯಲ್ಲಿ ಕೂಡದೆ ವಿದೇಶಗಳನ್ನು ನೋಡಲು ಹೊರಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರ ಹಾಳಾಗಲು, ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ೧೯೦೯ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರು, ೧೯೧೨ರಲ್ಲಿ ದಿವಾನರು. ಕನ್ನಂಬಾಡಿಯ ಕಟ್ಟೆ, ಮೈಸೂರು ಬ್ಯಾಂಕು, ಸಾಹಿತ್ಯ ಪರಿಷತ್ತು, ವಿಶ್ವವಿದ್ಯಾನಿಲಯ ಇವೆಲ್ಲವೂ ಆ ನಿವೃತ್ತಿಯ ಆಚೆಯವು. ಆದರೆ ಅವರನ್ನು ನಮ್ಮಂಥವರಿಗೆ ಮಾದರಿಯಾಗಿ ಒಡ್ಡುವುದರಲ್ಲಿ ನನಗೆ ಸ್ವಲ್ಪ ಸಂಕೋಚವಿದೆ. ಅವರ ಶಕ್ತಿ ಅಪೂರ್ವವಾದದ್ದು. ನಾನು ಅವರಿಂದ ತೆಗೆದುಕೊಳ್ಳುವುದು ಇಷ್ಟೇ: ಮುಚ್ಚಿದ ಬಾಗಿಲನ್ನು ಬಡಿಯುತ್ತ ಅವರು ಉಳಿದ ವರ್ಷಗಳನ್ನು ಕಳೆಯಲಿಲ್ಲ.

ನಮ್ಮಲ್ಲಿ ಬಹುಮಂದಿಗೆ ರಾಜೀನಾಮೆ ಸಾಧ್ಯವಲ್ಲ. ಅನೇಕರಿಗೆ ಅದು ಉಚಿತವೂ ಅಲ್ಲ. ಸಾಲವಿದೆ, ಮಕ್ಕಳ ಶುಲ್ಕವಿದೆ, ಹಾಸಿಗೆ ಹಿಡಿದ ಅತ್ತೆಯೋ ಮಾವನೋ ಇದ್ದಾರೆ. ನಡುವಯಸ್ಸಿನಲ್ಲಿ ಆಗಬೇಕಾದದ್ದು ತ್ಯಾಗವಲ್ಲ, ಮುಂದುಹಿಂದು ಮಾಡುವಿಕೆ. ಪಟ್ಟಿಯಲ್ಲಿ ಕೊನೆಗಿದ್ದ ಒಂದನ್ನು ಮೇಲಕ್ಕೆ ತರುವುದು. ಅದಕ್ಕೆ ಜಾಗವಾಗುವಂತೆ ಮೇಲಿದ್ದ ಒಂದನ್ನು ಕೆಳಗಿಳಿಸುವುದು. ಈ ಎರಡನೆಯ ಭಾಗವನ್ನು ಜನ ಮರೆಯುತ್ತಾರೆ. ಹೊಸವರ್ಷದ ದಿನ ಸಂಕಲ್ಪಗಳನ್ನು ಕೂಡಿಸುತ್ತಾರೆಯೇ ಹೊರತು ಏನನ್ನೂ ಕಳೆಯುವುದಿಲ್ಲ.

ಆದುದರಿಂದ ಲೆಕ್ಕವನ್ನು ಕಾಗದದ ಮೇಲೆಯೇ ಹಾಕತಕ್ಕದ್ದು. ವಾರಕ್ಕೆ ೧೬೮ ಗಂಟೆ. ರಾಜನಿಗೂ ಅಷ್ಟೇ, ಜವಾನನಿಗೂ ಅಷ್ಟೇ. ನಿದ್ದೆಗೆ ೫೦ ಗಂಟೆ ಹೋಯಿತೆನ್ನೋಣ. ಉದ್ಯೋಗ ಮತ್ತು ಹೋಗಿಬರುವ ಹಾದಿ ಸೇರಿ ೬೦. ಸ್ನಾನ, ಊಟ, ಪೇಟೆ, ಮನೆಯ ಕೆಲಸ ೩೦. ಉಳಿದದ್ದು ೨೮ ಗಂಟೆ. ದಿನಕ್ಕೆ ನಾಲ್ಕಾಯಿತು. 'ನನಗೆ ಅಷ್ಟು ಬಿಡುವೆಲ್ಲಿಯದು?' ಎಂದು ಯಾರೂ ತಟ್ಟನೆ ಹೇಳದಿರಲಾರರು. ಒಂದು ಸಾಮಾನ್ಯವಾದ ವಾರವನ್ನು ಹಿಡಿದು, ಆ ನಾಲ್ಕು ಗಂಟೆ ಎಲ್ಲಿಗೆ ಹೋಯಿತೆಂದು ರಾತ್ರಿ ಮಲಗುವ ಮುನ್ನ ಬರೆದಿಡಲಿ. ಬಹುಪಾಲು ಮೊಬೈಲಿನ ಪರದೆಯ ಮೇಲೆ, ದೂರದರ್ಶನದ ಮುಂದೆ, ಇಷ್ಟವಿಲ್ಲದ ಸಮಾರಂಭಗಳಲ್ಲಿ, ಮನೆಗೆ ಹೊತ್ತು ತಂದ ಕಚೇರಿಯ ಚಿಂತೆಯಲ್ಲಿ ಸೋರಿಹೋಗಿರುವುದು ಕಾಣಬಹುದು. ಅದರೊಳಗಿಂದ ವಾರಕ್ಕೆ ಮೂರು ಗಂಟೆಯನ್ನು ಬಿಡಿಸಿಕೊಂಡು ಗೊತ್ತಾದ ದಿನ, ಗೊತ್ತಾದ ಹೊತ್ತು, ಗೊತ್ತಾದ ಒಂದೇ ವಿಷಯಕ್ಕೆ ಮೀಸಲಿಟ್ಟರೆ ವರ್ಷಕ್ಕೆ ನೂರೈವತ್ತು ಗಂಟೆಗೂ ಮಿಕ್ಕಿತು. ಅಷ್ಟರಲ್ಲಿ ವೈಣಿಕನಾಗುವುದಿಲ್ಲ, ನಿಜ. ಆದರೆ ತಾನು ವೀಣೆಯನ್ನು ಬಯಸಿದ್ದನೋ ಅಥವಾ ವೀಣೆ ಬಾರಿಸುವವನೆನಿಸಿಕೊಳ್ಳುವುದನ್ನು ಬಯಸಿದ್ದನೋ ಎಂಬುದು ಖಂಡಿತವಾಗಿ ತಿಳಿದುಹೋಗುತ್ತದೆ. ಇದು ಸಣ್ಣ ಲಾಭವಲ್ಲ. ನಲವತ್ತೈದರಲ್ಲಿ ತಿಳಿದರೆ ಬೇರೆ ಏನನ್ನಾದರೂ ನೋಡಬಹುದು. ಅರವತ್ತೊಂದರಲ್ಲಿ ತಿಳಿದರೆ ಹದಿನೈದು ವರ್ಷ ನೆಚ್ಚಿಕೊಂಡಿದ್ದ ಕನಸು ಒಂದೇ ತಿಂಗಳಲ್ಲಿ ಕುಸಿಯುತ್ತದೆ.

'ಈ ವಯಸ್ಸಿನಲ್ಲಿ ತಲೆಗೆ ಹತ್ತುವುದೇ?' ಎಂಬ ಸಂಶಯಕ್ಕೂ ಉತ್ತರವುಂಟು. ಅಮೆರಿಕದ ಸಿಯಾಟಲ್ ನಗರದಲ್ಲಿ ವಾರ್ನರ್ ಶಾಯಿ ಎಂಬ ವಿದ್ವಾಂಸರು ೧೯೫೬ರಲ್ಲಿ ಆರಂಭಿಸಿ, ಅದೇ ಜನರನ್ನು ಏಳೇಳು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷಿಸುತ್ತ ಬಂದರು. ತ್ವರಿತವಾಗಿ ಗುರುತಿಸುವ ಶಕ್ತಿ ಯೌವನದಿಂದಲೇ ಇಳಿಯತೊಡಗುತ್ತದೆ. ಆದರೆ ಶಬ್ದಗಳ ಮೇಲಿನ ಅಧಿಕಾರ, ತರ್ಕ, ಒಂದಕ್ಕೊಂದನ್ನು ಹೊಂದಿಸಿ ನೋಡುವ ಶಕ್ತಿ ಇವು ಅನೇಕರಲ್ಲಿ ನಲವತ್ತರಿಂದ ಅರವತ್ತರ ನಡುವೆ ತಮ್ಮ ಎತ್ತರವನ್ನು ಮುಟ್ಟುತ್ತವೆ. ಬೇಗ ಕಲಿಯಲಾರೆವು, ಕಲಿತದ್ದು ಎಲ್ಲಿ ಸೇರಬೇಕೆಂಬುದು ಮಾತ್ರ ಬೇಗ ಗೊತ್ತಾಗುತ್ತದೆ. ಕಾವ್ಯ, ಚರಿತ್ರೆ, ಕಾನೂನು, ತೋಟಗಾರಿಕೆ, ಕಿರಿಯರಿಗೆ ಕೆಲಸ ಕಲಿಸುವುದು ಇವಕ್ಕೆಲ್ಲ ನಡುವಯಸ್ಸು ಹೇಳಿಮಾಡಿಸಿದಂತಿದೆ.

ಕೊನೆಯದಾಗಿ, ಈ ವಿಷಯದಲ್ಲಿ ಬಹಳ ಕಡಮೆ ಚರ್ಚೆಗೆ ಬರುವ ಒಂದು ಪಕ್ಷವನ್ನು ಹೇಳಬೇಕು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯನು ಗೃಹಸ್ಥಾಶ್ರಮವನ್ನು ಬಿಟ್ಟು ಹೊರಡಲು ನಿಶ್ಚಯಿಸಿ, ಇರುವ ಸ್ವತ್ತನ್ನು ತನ್ನ ಇಬ್ಬರು ಹೆಂಡಿರಾದ ಮೈತ್ರೇಯಿ ಕಾತ್ಯಾಯನಿಯರಿಗೆ ಪಾಲುಮಾಡಿಕೊಡುತ್ತೇನೆಂದನು. ಹಣದಿಂದ ತನಗೆ ಅಮೃತತ್ವ ದೊರೆಯುವುದೇ ಎಂದು ಮೈತ್ರೇಯಿ ಕೇಳಿದಳು. ಅದರಿಂದ ಅನುಕೂಲವಂತರ ಜೀವನವಾದೀತು, ಅಮೃತತ್ವದ ಆಸೆಯಿಲ್ಲವೆಂದು ಅವನು ಒಪ್ಪಿಕೊಂಡನು. ಹಾಗಾದರೆ ಅದು ತನಗೆ ಬೇಡ, ನೀನು ಬಲ್ಲದ್ದನ್ನು ಹೇಳೆಂದು ಅವಳು ಪಟ್ಟುಹಿಡಿದಳು. ಅನುಕೂಲವು ತೃಪ್ತಿಯಲ್ಲವೆಂಬುದನ್ನು ಇಷ್ಟು ನೇರವಾಗಿ ಕೇಳಿದವರು ವಿರಳ. ಮೈತ್ರೇಯಿಯ ಪ್ರಶ್ನೆಯನ್ನು ನಾವು ಶತಮಾನಗಳಿಂದ ಕೊಂಡಾಡುತ್ತ ಬಂದಿದ್ದೇವೆ. ಕಾತ್ಯಾಯನಿಯನ್ನು ಯಾರು ಏನು ಕೇಳಿದರು? ಅವಳ ಬಾಯಿಂದ ಒಂದು ಮಾತೂ ಆ ಪ್ರಕರಣದಲ್ಲಿಲ್ಲ.

ನಮ್ಮ ಮನೆಗಳಲ್ಲಿ ಕಾತ್ಯಾಯನಿಯರೇ ಹೆಚ್ಚು. ಯಜಮಾನನಿಗೆ ನಡುವಯಸ್ಸಿನಲ್ಲಿ ಜ್ಞಾನೋದಯವಾಗಿ, ಸಂಜೆ ಸಂಗೀತಸಭೆ, ಭಾನುವಾರ ಬೆಟ್ಟ, ಬೆಳಗ್ಗೆ ಯೋಗ ಎಂದು ಹೊಸ ಕ್ರಮ ಹಾಕಿಕೊಳ್ಳುತ್ತಾನೆ. ಬೆಟ್ಟಕ್ಕೆ ಹೊರಡುವ ದಿನ ಐದು ಗಂಟೆಗೆ ಎದ್ದು ಬುತ್ತಿ ಕಟ್ಟುವವಳು ಆಕೆ. ಸ್ತ್ರೀಗೆ ಈ ವಯಸ್ಸು ಸುಮ್ಮನೆ ಬರುವುದಿಲ್ಲ. ಮುಟ್ಟು ನಿಲ್ಲುವ ಕಾಲದ ದೇಹದ ಬಾಧೆ, ನಿದ್ರಾಭಂಗ, ಮಕ್ಕಳು ಓದಿಗೋ ಉದ್ಯೋಗಕ್ಕೋ ಮನೆಬಿಟ್ಟು ಹೋದ ಮೇಲಿನ ಬಿಕೋ ಎನ್ನುವ ಕೋಣೆ, ಜೊತೆಗೆ ಅತ್ತೆಮಾವಂದಿರ ಶುಶ್ರೂಷೆ, ಎಲ್ಲವೂ ಒಂದೇ ಹೊತ್ತಿಗೆ ಬರುತ್ತವೆ. ಹೊರಗೆ ಉದ್ಯೋಗ ಮಾಡುವವಳಾದರೆ ಅದೂ ಸೇರಿತು. ಅಡಿಗೆಮನೆಯ ಕೆಲಸಕ್ಕೆ ನಿವೃತ್ತಿಯ ವಯಸ್ಸನ್ನು ಯಾವ ಸರ್ಕಾರವೂ ಗೊತ್ತುಮಾಡಿಲ್ಲ. ಆದುದರಿಂದ ಅವಳಿಗೆ 'ಆಮೇಲೆ' ಎಂದು ಹೇಳಿಕೊಳ್ಳಲು ಒಂದು ದಿನಾಂಕವೂ ಇಲ್ಲ. ಮದುವೆಗೆ ಮುಂಚೆ ಅವಳು ಹಾಡುತ್ತಿದ್ದಳೆಂಬುದು ಮಕ್ಕಳಿಗೆ ತಿಳಿಯದ ಮನೆಗಳು ಎಷ್ಟಿಲ್ಲ!

ಗಂಡನೊಬ್ಬನೇ ಕುಳಿತು ಹಾಕಿದ ಆಯವ್ಯಯವು, ಅವನಿಗೆ ಎಷ್ಟೇ ಶಾಂತಿಯನ್ನು ಕೊಡಲಿ, ಅರ್ಧ ಸಂಸಾರದ ಲೆಕ್ಕ. ಆ ೧೬೮ ಗಂಟೆಗಳ ಕಾಗದವನ್ನು ಇಬ್ಬರೂ, ಒಬ್ಬರದನ್ನೊಬ್ಬರು ನೋಡದೆ, ಬೇರೆಬೇರೆಯಾಗಿ ಬರೆಯಬೇಕು. ತನ್ನ ಗಂಟೆಗಳು ಎಲ್ಲಿ ಹೋಗುತ್ತಿವೆ, ಎಲ್ಲಿ ಹೋಗಬೇಕೆಂದು ಆಸೆ, ಯಾವುದನ್ನು ಬಿಡಲು ಸಿದ್ಧ, ಇಷ್ಟನ್ನೇ ಬರೆದರೆ ಸಾಕು. ಆಮೇಲೆ ಎರಡನ್ನೂ ಒಟ್ಟಿಗೆ ಮೇಜಿನ ಮೇಲೆ ಹರಡಿ ಓದಬೇಕು. ಇಪ್ಪತ್ತು ವರ್ಷ ಒಂದೇ ಮನೆಯಲ್ಲಿದ್ದವರ ಎರಡು ಕಾಗದಗಳು ಒಂದಕ್ಕೊಂದು ಹೊಂದುವುದು ಅಪರೂಪ. ಅವಳ ಕಾಗದದಲ್ಲಿ ತನ್ನದೆಂದು ಹೇಳಿಕೊಳ್ಳುವ ಗಂಟೆಗಳು ಎಷ್ಟಿವೆಯೆಂದು ಅವನು ಮೊದಲು ನೋಡಲಿ. ಅದು ಸೊನ್ನೆಯಾಗಿದ್ದರೆ, ಅವನ ಕಾಗದದಲ್ಲಿ ಹೊಸದಾಗಿ ಮೀಸಲಿಟ್ಟ ಮೂರು ಗಂಟೆಗಳು ಎಲ್ಲಿಂದ ಬಂದುವೆಂಬುದನ್ನು ಇಬ್ಬರೂ ಕೂತು ಮಾತನಾಡಬೇಕಾಗುತ್ತದೆ.